ಬೋರ್ಡಿನ ಮೇಲರ್ಧ

ಪ್ರತಿಭಾ ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದಳು. ಮೇಲಿನ ಅರ್ಧ ಖಾಲಿ ಇರುತ್ತಿತ್ತು. ಎಲ್ಲಕ್ಕಿಂತ ಮೇಲೆ ಬರೆಯುವ ದಿನಾಂಕವೂ ಇರುತ್ತಿರಲಿಲ್ಲ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ಪಾಠ ಬರೆದುಕೊಳ್ಳುತ್ತಿದ್ದರು.

ಚಾಮರಾಜಪೇಟೆಯ ಒಂದು ಶಾಲೆ, ನಾಲ್ಕನೇ ತರಗತಿ. ಪ್ರತಿಭಾಳಿಗೆ ಇಪ್ಪತ್ತೇಳು ವರ್ಷ. ಟೀಚರ್ ಆಗಬೇಕೆಂದೇ ಓದಿದವಳು. ಆ ಕೆಲಸ ಬಿಟ್ಟು ಬೇರೆ ಯಾವುದನ್ನೂ ಅವಳು ಬಯಸಿರಲಿಲ್ಲ.

ಒಂದು ದಿನ ಹೆಡ್‌ಮಾಸ್ಟರ್ ಶ್ರೀನಿವಾಸಯ್ಯನವರು ಕರೆದರು.

“ಕೂತ್ಕೊಳ್ಳಿ ಮೇಡಂ. ಪೇರೆಂಟ್ಸ್ ಕೇಳ್ತಿದಾರೆ. ಹಿಂದೆ ಕೂತ ಮಕ್ಕಳಿಗೆ ಬೋರ್ಡು ಕಾಣಲ್ವಂತೆ. ಸ್ವಲ್ಪ ಮೇಲೆ ಬರೀರಿ.”

“ಆಯ್ತು ಸರ್.”

“ಕೈ ನೋವಾ?”

“ಇಲ್ಲ ಸರ್.”

ಅವರು ಕನ್ನಡಕ ತೆಗೆದು ಒರೆಸಿದರು. “ಏನಾದ್ರೂ ಇದ್ರೆ ಹೇಳಿ” ಎಂದರು.

ಪ್ರತಿಭಾ ಹೇಳಲಿಲ್ಲ. ಗಂಡಸರಿಗೆ, ಅದರಲ್ಲೂ ಹೆಡ್‌ಮಾಸ್ಟರಿಗೆ, ಕಂಕುಳಲ್ಲಿ ಕುರು ಎಂದು ಹೇಗೆ ಹೇಳುವುದು? ಆ ಸಂಜೆ ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡಳು. ದಿನಾಂಕ ಮಾತ್ರ ಬರೆಯಲಿಲ್ಲ.

ಅದು ಶುರುವಾಗಿ ನಾಲ್ಕು ವರ್ಷವಾಗಿತ್ತು. ಮೊದಲು ಕಡಲೆಕಾಳಿನಷ್ಟು ಗಂಟು. ಆಮೇಲೆ ಅಡಕೆಯಷ್ಟು. ಕೆಂಪಗಾಗಿ, ಊದಿ, ಒಡೆದು, ಕೀವು ಬರುತ್ತಿತ್ತು. ಮಾಯುತ್ತಿತ್ತು. ತಿಂಗಳೊಳಗೆ ಅದರ ಪಕ್ಕದಲ್ಲೇ ಇನ್ನೊಂದು. ತೊಡೆಸಂದಿಯಲ್ಲೂ ಬರುತ್ತಿತ್ತು, ಅದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ. ಕೀವಿನ ಕಲೆ ಕಾಣಬಾರದೆಂದು ಗಾಢ ಬಣ್ಣದ ರವಿಕೆಯನ್ನೇ ಹಾಕುತ್ತಿದ್ದಳು. ಒಳಗೆ ಹತ್ತಿ ಇಡುತ್ತಿದ್ದಳು. ವಾಸನೆ ಬಂದೀತೆಂದು ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕ ಒಬ್ಬಳೇ ಕೂರುತ್ತಿದ್ದಳು.

ಮನೆಯಲ್ಲಿ ಅಮ್ಮ ಮುನಿಲಕ್ಷ್ಮಮ್ಮ, ಅಣ್ಣ ಗೌರೀಶ್. ಗೌರೀಶನಿಗೆ ನಗರ್ತಪೇಟೆಯಲ್ಲಿ ರಿಬ್ಬನ್, ಲೇಸುಗಳ ಸಣ್ಣ ಅಂಗಡಿ. ತಂಗಿಗೆ ಕುರು ಎದ್ದಾಗಲೆಲ್ಲ ಬರುವ ದಾರಿಯಲ್ಲಿ ಮೆಡಿಕಲ್ ಶಾಪಿನ ಮುಂದೆ ಗಾಡಿ ನಿಲ್ಲಿಸುತ್ತಿದ್ದ.

“ಗುರು, ಕೀವಿಗೆ ಏನಾದ್ರೂ ಕೊಡು.”

ಐದು ದಿನದ ಮಾತ್ರೆ ಬರುತ್ತಿತ್ತು. ಮೂರನೇ ದಿನ ಕುರು ಒಡೆಯುತ್ತಿತ್ತು, ನೋವು ಇಳಿಯುತ್ತಿತ್ತು. ಉಳಿದ ಮಾತ್ರೆ ಬಿಸ್ಕತ್ತಿನ ಡಬ್ಬಿಗೆ ಸೇರುತ್ತಿತ್ತು. ಆ ಡಬ್ಬಿಯಲ್ಲಿ ಈಗ ಬೇರೆ ಬೇರೆ ಬಣ್ಣದ ಅರ್ಧರ್ಧ ಮಾತ್ರೆ ಪಟ್ಟಿಗಳು ತುಂಬಿದ್ದವು.

ಮುನಿಲಕ್ಷ್ಮಮ್ಮನವರ ಔಷಧಿ ಬೇರೆ. “ಉಷ್ಣ ಕಣೇ. ಮೆಂತ್ಯ ನೆನೆಸ್ಕೊಂಡು ಕುಡಿ. ಸ್ನಾನ ಮಾಡೋವಾಗ ಚೆನ್ನಾಗಿ ಉಜ್ಕೊ. ಇನ್ನೂ ಉಜ್ಕೊ.”

ಪ್ರತಿಭಾ ಚರ್ಮ ಕಿತ್ತುಬರುವ ಹಾಗೆ ಉಜ್ಜಿಕೊಳ್ಳುತ್ತಿದ್ದಳು.

ಪಕ್ಕದ ಮನೆಯ ಚೂಡಾಮಣಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮಾತು ಜಾಸ್ತಿ. ಅವರ ಕಣ್ಣು ತಪ್ಪಿಸುವುದು ಕಷ್ಟ. ಒಂದು ಭಾನುವಾರ ಬೆಳಿಗ್ಗೆ ಕಾಂಪೌಂಡ್ ಗೋಡೆಯಾಚೆಯಿಂದ ಕೇಳಿದರು.

“ಏನೇ ಪ್ರತಿಭಾ, ಬಟ್ಟೆ ಒಣಗಿಸೋ ತಂತಿ ಯಾಕೆ ಸೊಂಟದ ಮಟ್ಟಕ್ಕೆ ಇಳಿದಿದೆ? ಸೀರೆ ನೆಲ ಗುಡಿಸ್ತಿದೆ ನೋಡು.”

“ಅಮ್ಮಂಗೆ ಎಟುಕಲ್ಲ ಆಂಟಿ.”

“ನಿಮ್ಮಮ್ಮ ನಿನಗಿಂತ ಎತ್ತರ ಇದಾರಲ್ಲೇ! ಬಾ ಇಲ್ಲಿ. ಕೈ ಎತ್ತು ನೋಡೋಣ.”

ಪ್ರತಿಭಾ ಕೈ ಎತ್ತಲಿಲ್ಲ. ಅತ್ತಳು.

ಚೂಡಾಮಣಿ ಅವಳನ್ನು ತಮ್ಮ ಮನೆಯೊಳಗೆ ಕರೆದೊಯ್ದು ಬಾಗಿಲು ಹಾಕಿದರು. ನೋಡಿದರು. ಮುಖ ಸಿಂಡರಿಸಲಿಲ್ಲ. ಪ್ರತಿಭಾ ಅವರ ಮುಖವನ್ನೇ ನೋಡುತ್ತಿದ್ದಳು.

“ಎಷ್ಟು ವರ್ಷದಿಂದ?”

“ನಾಲ್ಕು.”

“ವಾಸಿಯಾಗಿ ಮತ್ತೆ ಅದೇ ಜಾಗದಲ್ಲಿ ಬರುತ್ತಾ?”

“ಹೂಂ.”

“ತೊಡೆಸಂದೀಲಿ?”

ಪ್ರತಿಭಾ ತಲೆ ತಗ್ಗಿಸಿದಳು.

“ಇದು ಬರೀ ಕುರು ಅಲ್ಲ ಕಣೇ. ಚರ್ಮದ ಡಾಕ್ಟ್ರಿಗೆ ತೋರಿಸ್ಬೇಕು. ನಾಳೆ ನನ್ ಜೊತೆ ಬಸ್ ಹತ್ತು.”

ಮರುದಿನ ಚೂಡಾಮಣಿ ಅವಳನ್ನು ಚರ್ಮರೋಗ ವಿಭಾಗದ ಸಾಲಿನಲ್ಲಿ ನಿಲ್ಲಿಸಿ ತಮ್ಮ ವಾರ್ಡಿಗೆ ಹೋದರು. ಡಾಕ್ಟರ್ ಲಾಸ್ಯಾ ಚಿಕ್ಕ ವಯಸ್ಸಿನವರು. ನಿಧಾನವಾಗಿ ನೋಡಿದರು.

“ಇದಕ್ಕೆ ಹೈಡ್ರಾಡಿನೈಟಿಸ್ ಅಂತಾರೆ. ಕೂದಲಿನ ಬುಡ ಮುಚ್ಚಿಹೋಗಿ ಚರ್ಮದೊಳಗೇ ಉರಿಯೂತ ಆಗುತ್ತೆ. ಒಡೆಯುತ್ತೆ, ಮತ್ತೆ ಬರುತ್ತೆ. ನೀವೊಬ್ರೇ ಅಲ್ಲ, ಎಷ್ಟೋ ಜನಕ್ಕಿದೆ. ನಾಚ್ಕೊಂಡು ಯಾರೂ ಹೇಳಲ್ಲ ಅಷ್ಟೆ.”

ಪ್ರತಿಭಾ ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು. “ನನ್ನಿಂದ ಮಕ್ಕಳಿಗೆ ಅಂಟುತ್ತಾ ಡಾಕ್ಟ್ರೇ?”

“ಇಲ್ಲ. ಯಾರಿಗೂ ಅಂಟಲ್ಲ.”

ಅವಳು ಇನ್ನೊಮ್ಮೆ ಕೇಳಿದಳು. ಡಾಕ್ಟರ್ ಇನ್ನೊಮ್ಮೆ ಹೇಳಿದರು.

ಬೇರೆ ಮಾತ್ರೆ ತಗೋತೀರಾ, ಅಲರ್ಜಿ ಇದೆಯಾ, ಬಸುರಿ ಏನಾದರೂ ಇದ್ದೀರಾ ಎಂದೆಲ್ಲ ವಿಚಾರಿಸಿ, ಡಾಕ್ಟರ್ ಹಚ್ಚಲು ಒಂದು ಔಷಧಿ ಬರೆದರು. ನುಂಗಲು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕ್ಯಾಪ್ಸೂಲ್. ಬೆಳಿಗ್ಗೆ ಒಂದು, ರಾತ್ರಿ ಒಂದು, ಹನ್ನೆರಡು ವಾರ. ಜೊತೆಗೆ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು.

“ಹೇಗೆ ತಗೋಬೇಕು ಅಂತ ಇದರಲ್ಲಿದೆ. ಮನೆಗೆ ಹೋಗಿ ಓದಿ. ಆರು ವಾರಕ್ಕೆ ಬನ್ನಿ.”

ಹಾಳೆಯ ತುದಿಯಲ್ಲಿ ಒಂದು ಹೆಣ್ಣಿನ ಚಿತ್ರವಿತ್ತು. ಕಂಕುಳು, ತೊಡೆಸಂದಿಯಲ್ಲಿ ಕೆಂಪು ಗುರುತು. ಬಸ್ಸಿನಲ್ಲಿ ಪ್ರತಿಭಾ ಅದನ್ನು ನಾಲ್ಕು ಮಡಿಕೆ ಮಾಡಿದಳು. ಮನೆಗೆ ಬಂದರೆ ಅಣ್ಣ ಹಾಲ್‌ನಲ್ಲೇ ಕೂತಿದ್ದ. ಹಾಳೆಯನ್ನು ಹಾಗೇ ನಿಘಂಟಿನೊಳಗೆ ತೂರಿಸಿದಳು. ಮತ್ತೆ ತೆಗೆಯಲಿಲ್ಲ.

ಮುನಿಲಕ್ಷ್ಮಮ್ಮ ಕ್ಯಾಪ್ಸೂಲ್ ಪಟ್ಟಿಗಳನ್ನು ಹಿಡಿದು ನೋಡಿದರು.

“ಮೂರು ತಿಂಗ್ಳಾ? ಇವೆಲ್ಲ ಬೆಂಕಿ ಕಣೇ. ಕರುಳು ಸುಟ್ಟೋಗುತ್ತೆ.”

“ತಗೊಳ್ಲೇಬೇಕಂತಮ್ಮ.”

“ತಗೊಳ್ಳೋದೇ ಆದ್ರೆ ತಗೋ. ನಾನು ನೋಡ್ಕೋತೀನಿ ಬಿಡು.”

ಅವರು ಹೇಳಿದಂತೆ ನೋಡಿಕೊಂಡರು. ಎರಡು ಹೊತ್ತೂ ದೊಡ್ಡ ಸ್ಟೀಲ್ ಲೋಟದ ತುಂಬ ಹಾಲು. ಅದರೊಳಗೆ ಕಲ್ಲುಸಕ್ಕರೆ, ತಂಪಿಗೆ. ಜೊತೆಗೆ ತಮ್ಮ ಮೂಳೆಗೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆಯಲ್ಲೂ ಒಂದು, ಶಕ್ತಿಗೆ. ಮಗಳು ಲೋಟ ಖಾಲಿ ಮಾಡುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ಒಂದು ಹೊತ್ತೂ ತಪ್ಪಿಸಲಿಲ್ಲ.

ಐದು ವಾರ ಕಳೆಯಿತು. ಬಲಗಡೆಯದು ಹಾಗೇ ಇತ್ತು. ಎಡಗಡೆ ಹೊಸದೊಂದು ಎದ್ದಿತು.

ಶನಿವಾರ ಸಂಜೆ ಚೂಡಾಮಣಿ ಒಂದು ಬಟ್ಟಲು ಗೊಜ್ಜವಲಕ್ಕಿ ಹಿಡಿದುಕೊಂಡು ಬಂದರು.

“ಬನ್ನಿ ಸಿಸ್ಟರ್” ಎಂದರು ಮುನಿಲಕ್ಷ್ಮಮ್ಮ. “ನಿಮ್ಮ ದೊಡ್ಡಾಸ್ಪತ್ರೆ ಔಷಧಿ ನೋಡಿ. ಬಲಗಡೆ ಇದ್ದಿದ್ದು ಎಡಗಡೆಗೂ ಬಂತು.”

ಗೌರೀಶ್ ಫೋನಿನಿಂದ ತಲೆಯೆತ್ತಿದ. “ಹೌದು ಆಂಟಿ. ನಮ್ ಮೆಡಿಕಲ್ ಶಾಪಿನವನು ಮೂರೇ ದಿನಕ್ಕೆ ಒಣಗಿಸ್ತಿದ್ದ.”

“ಒಣಗಿಸ್ತಿದ್ದ ಅಲ್ವಾ? ಮತ್ತೆ ನಾಲ್ಕು ವರ್ಷ ಯಾಕಪ್ಪಾ ಬರ್ತಾನೇ ಇತ್ತು?”

ಗೌರೀಶ್ ಮತ್ತೆ ಫೋನು ನೋಡತೊಡಗಿದ.

“ಬಿಡಿ ಆಂಟಿ” ಎಂದಳು ಪ್ರತಿಭಾ. “ಸೋಮವಾರ ಲೆಟರ್ ಕೊಟ್ಬಿಡ್ತೀನಿ.”

“ಯಾವ ಲೆಟರ್?”

“ರಾಜೀನಾಮೆ.”

ಮನೆಯವರು ಆ ಮಾತು ಕೇಳಿದ್ದು ಅದೇ ಮೊದಲು. ಗೌರೀಶ್ ಫೋನು ಕೆಳಗಿಟ್ಟ. ಮುನಿಲಕ್ಷ್ಮಮ್ಮ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಒಂದು ಕೈಯಲ್ಲಿ ಲೋಟ, ಇನ್ನೊಂದು ಅಂಗೈಯಲ್ಲಿ ಎರಡು ಮಾತ್ರೆ.

“ಇವತ್ತಿಂದು ನುಂಗು. ನಾಳೆಯಿಂದ ಬ್ಯಾಡ. ಸಾಕು.”

ಚೂಡಾಮಣಿ ಕೈ ಅಡ್ಡ ಹಿಡಿದರು. “ತಡೀರಿ ತಡೀರಿ. ಅದೇನು?”

“ಹಾಲು.”

“ಯಾರಿಗೆ?”

“ಮಾತ್ರೆಗೆ.”

“ದಿನಾ ಹೀಗೇನಾ?”

“ಒಂದು ಹೊತ್ತೂ ತಪ್ಪಿಸಿಲ್ಲ ಸಿಸ್ಟರ್. ಗಟ್ಟಿ ಹಾಲು. ನೀರು ಸೋಕಿಸಲ್ಲ. ಮಾತ್ರೆ ಉಷ್ಣ ಅಲ್ವಾ?”

“ಆ ಬಿಳೀದು?”

“ನನ್ನ ಕ್ಯಾಲ್ಸಿಯಂ. ನಿಮ್ಮ ಡಾಕ್ಟ್ರೇ ಕೊಟ್ಟಿದ್ದು. ಒಳ್ಳೇದಲ್ವಾ ಅದು?”

ಚೂಡಾಮಣಿ ಬಟ್ಟಲು ಕೆಳಗಿಟ್ಟರು. “ಪ್ರತಿಭಾ, ಡಾಕ್ಟ್ರು ಒಂದು ಹಾಳೆ ಕೊಟ್ಟಿರ್ತಾರಲ್ಲ. ಓದಿದ್ಯಾ?”

ಪ್ರತಿಭಾ ಎದ್ದು ಹೋಗಿ ನಿಘಂಟು ತಂದಳು. ಹಾಳೆ ಮಡಿಸಿದ ಹಾಗೇ ಇತ್ತು. ಬಿಡಿಸಿದಾಗ ಚಿತ್ರವೇ ಮೊದಲು ಕಂಡಿತು. ಅವಳು ಅಣ್ಣನ ಕಡೆ ನೋಡಿ ಅದರ ಮೇಲೆ ಕೈ ಮುಚ್ಚಿದಳು.

“ಅಯ್ಯೋ, ಅವನು ನಿನ್ನ ಅಣ್ಣ ಕಣೇ. ಟೀಚರ್ ಆಗಿ ಇದಕ್ಕೆ ನಾಚ್ಕೋತೀಯಾ? ಗೌರೀಶ, ನೀನೇ ಓದಪ್ಪಾ. ನಾಲ್ಕನೇ ಸಾಲಿಂದ.”

ಗೌರೀಶ್ ಹಾಳೆ ತೆಗೆದುಕೊಂಡು ಓದಿದ. “ಈ ಮಾತ್ರೆಯನ್ನು ಹಾಲು, ಮೊಸರು, ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆ, ಹೊಟ್ಟೆ ಉರಿಗೆ ತೆಗೆದುಕೊಳ್ಳುವ ಆಂಟಾಸಿಡ್ ಇವುಗಳ ಜೊತೆ ತೆಗೆದುಕೊಳ್ಳಬಾರದು. ಎರಡು ಮೂರು ಗಂಟೆ ಅಂತರವಿರಲಿ. ಊಟ ಅಥವಾ ತಿಂಡಿಯ ನಂತರ ತುಂಬಿದ ಒಂದು ಲೋಟ ನೀರಿನೊಂದಿಗೆ ನುಂಗಿ. ನುಂಗಿದ ತಕ್ಷಣ ಮಲಗಬೇಡಿ.”

“ಹಾಲಲ್ಲಿರೋ ಕ್ಯಾಲ್ಸಿಯಂ ಈ ಔಷಧೀನ ಹೊಟ್ಟೇಲೇ ಹಿಡ್ಕೊಂಡ್ಬಿಡುತ್ತೆ” ಎಂದರು ಚೂಡಾಮಣಿ. “ರಕ್ತಕ್ಕೆ ಪೂರ್ತಿ ಸೇರೋಕೆ ಬಿಡಲ್ಲ. ಮೇಲೆ ಕ್ಯಾಲ್ಸಿಯಂ ಮಾತ್ರೆ ಬೇರೆ. ಇವಳು ನುಂಗಿದಾಳೆ. ಮೈಗೆ ಸೇರಿದ್ದು ಎಷ್ಟೋ ಏನೋ.”

ಮುನಿಲಕ್ಷ್ಮಮ್ಮ ಲೋಟವನ್ನು ಕಿಟಕಿ ಕಟ್ಟೆಯ ಮೇಲಿಟ್ಟರು.

“ಅಂದ್ರೆ ನಾನೇ ಕೆಡಿಸಿದ್ನಾ?”

“ಇಲ್ಲ. ನಿಮಗೆ ಗೊತ್ತಿರ್ಲಿಲ್ಲ. ಇವಳು ಓದ್ಲಿಲ್ಲ. ನಾನೂ ಕರ್ಕೊಂಡು ಹೋಗಿ ಬಿಟ್ಟು ಬಂದೆ, ಆಮೇಲೆ ಒಂದು ಸಲಾನೂ ಕೇಳ್ಲಿಲ್ಲ. ನಂದೂ ತಪ್ಪಿದೆ.”

“ಗೌರೀಶ, ಸ್ವಲ್ಪ ಹೊರಗೆ ಹೋಗು” ಎಂದರು ಮುನಿಲಕ್ಷ್ಮಮ್ಮ.

ಅವನು ಹೋದ ಮೇಲೆ ಬಾಗಿಲು ಹಾಕಿದರು. ಅವರು ಯಾವಾಗಲೂ ಮೊಣಕೈವರೆಗೆ ತೋಳಿರುವ ರವಿಕೆ ಹಾಕುತ್ತಿದ್ದರು. ಅದರ ಗುಂಡಿ ಬಿಚ್ಚಿ ಭುಜದಿಂದ ಸರಿಸಿ ಕೈ ಎತ್ತಿದರು. ಕಂಕುಳ ತುಂಬ ಹಳೆಯ ಕಲೆಗಳು. ಹುರಿ ಹೊಸೆದ ಹಾಗೆ ಗಂಟುಗಂಟಾಗಿದ್ದವು.

ಪ್ರತಿಭಾ ಅಮ್ಮನ ಜೊತೆ ಇಪ್ಪತ್ತೇಳು ವರ್ಷ ಬದುಕಿದ್ದಳು. ಇದನ್ನು ನೋಡಿರಲಿಲ್ಲ.

“ನೀನು ಹುಟ್ಟೋಕೆ ಮುಂಚಿಂದ ಇತ್ತು. ಗಲೀಜು ಅಂತ ಊರಲ್ಲಿ ನನ್ನ ತಟ್ಟೆ ಬೇರೆ ಇಟ್ಟಿದ್ರು. ಯಾರಿಗೂ ತೋರಿಸ್ಲಿಲ್ಲ. ಐವತ್ತಾದ ಮೇಲೆ ತಾನಾಗೇ ನಿಂತೋಯ್ತು. ನಿಂಗೆ ಬಂದಾಗ ನನ್ ಪಾಪನೇ ಬಂತು ಅಂದ್ಕೊಂಡೆ. ಅದಕ್ಕೇ ಉಜ್ಕೊ, ಉಜ್ಕೊ ಅಂತಿದ್ದೆ.”

ಪ್ರತಿಭಾ ಅಮ್ಮನ ರವಿಕೆಯ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

ಚೂಡಾಮಣಿ ಮೂಗು ಒರೆಸಿಕೊಂಡರು. “ಸೋಮವಾರ ಲೆಟರ್ ಗಿಟರ್ ಏನೂ ಬೇಡ. ಇಬ್ರೂ ಆಸ್ಪತ್ರೆಗೆ ಬನ್ನಿ. ಈಗ ಯಾರಾದ್ರೂ ಆ ಗೊಜ್ಜವಲಕ್ಕಿ ತಿನ್ನಿ, ಒಣಗೋಗ್ತಿದೆ.”

ಸೋಮವಾರ ಹೊರಡುವಾಗ ಗೌರೀಶ್ ಬಿಸ್ಕತ್ತಿನ ಡಬ್ಬಿ ತಂದು ತಂಗಿಯ ಕೈಗಿಟ್ಟ. “ಇದನ್ನೂ ಡಾಕ್ಟ್ರಿಗೆ ತೋರಿಸು” ಎಂದ. ಅವಳ ಮುಖ ನೋಡಲಿಲ್ಲ.

ಡಾಕ್ಟರ್ ಲಾಸ್ಯಾ ಹಾಲಿನ ಕಥೆ ಕೇಳಿ ಬೈಯಲಿಲ್ಲ.

“ಹಾಲೊಂದೇ ಕಾರಣ ಅಂತ ನಾನು ಹೇಳಲ್ಲ. ಈ ಕಾಯಿಲೆ ಇಳಿಯೋಕೆ ಹೇಗೂ ವಾರಗಟ್ಟಲೆ ಬೇಕು. ಆದ್ರೆ ಹಾಲು, ಕ್ಯಾಲ್ಸಿಯಂ ಎರಡೂ ಸೇರಿದ್ರೆ ಔಷಧಿಗೆ ಕೆಲಸ ಮಾಡೋಕೆ ಪೂರ್ತಿ ಅವಕಾಶ ಸಿಗಲ್ಲ. ಇವತ್ತಿಂದ ಹೊಸದಾಗಿ ಎಣಿಸೋಣ.”

“ಕೀವಿನ ಕ್ರಿಮಿ ಕೊಲ್ಲೋಕೆ ಹನ್ನೆರಡು ವಾರ ಬೇಕಾ?” ಎಂದು ಕೇಳಿದಳು ಪ್ರತಿಭಾ.

“ಬರೀ ಕ್ರಿಮಿ ಕೊಲ್ಲೋಕಲ್ಲ. ಈ ಮಾತ್ರೆ ಒಳಗಿನ ಉರಿಯೂತಾನೂ ಇಳಿಸುತ್ತೆ. ಅದಕ್ಕೇ ಇಷ್ಟು ದಿನ. ಕುರು ಒಡೀತು, ನೋವು ಹೋಯ್ತು ಅಂತ ಮಧ್ಯೆ ಬಿಟ್ರೆ ಮತ್ತೆ ಮೊದಲಿಗೇ ಬರುತ್ತೆ.” ಡಬ್ಬಿ ತೆರೆದು ನೋಡಿ ತಲೆಯಾಡಿಸಿದರು. “ಇದಂತೂ ಬೇಡವೇ ಬೇಡ. ಸಿಕ್ಕ ಸಿಕ್ಕ ಆಂಟಿಬಯಾಟಿಕ್ ಹೀಗೆ ತಗೋತಾ ಹೋದ್ರೆ ಕ್ರಿಮಿಗಳು ಅದಕ್ಕೆ ಬಗ್ಗದ ಹಾಗೆ ಆಗ್ಬಿಡ್ತವೆ. ನಿಜವಾಗ್ಲೂ ಬೇಕಾದಾಗ ಕೆಲಸಕ್ಕೆ ಬರಲ್ಲ. ಡಬ್ಬಿ ಇಲ್ಲೇ ಇರ್ಲಿ.”

ಮುನಿಲಕ್ಷ್ಮಮ್ಮ ಮುಂದೆ ಬಾಗಿದರು. “ಸ್ನಾನ ಸರಿಯಾಗಿ ಮಾಡ್ದೇ ಇದ್ರೆ ಬರುತ್ತಾ ಡಾಕ್ಟ್ರಮ್ಮ?”

“ಇಲ್ಲಮ್ಮ. ಕೊಳಕಿಂದ ಬರೋದಲ್ಲ ಇದು. ಉಜ್ಜಿದ್ರೆ ಜಾಸ್ತಿ ಆಗುತ್ತೆ ಅಷ್ಟೆ.”

“ವಂಶದಿಂದ?”

“ಕೆಲವು ಮನೆಗಳಲ್ಲಿ ಹಾಗೆ ಬರುತ್ತೆ. ಅದರಲ್ಲಿ ನಿಮ್ಮ ತಪ್ಪೇನಿದೆ?”

ಮುನಿಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು. ಆಮೇಲೆ ಕೇಳಿದರು. “ಕಾಫೀನೂ ಹಾಲಿಂದೇ ಅಲ್ವಾ? ಬಿಡ್ಬೇಕಾ?”

“ಬಿಡೋದು ಬೇಡ. ಮಾತ್ರೆಯಿಂದ ದೂರ ಇಡಿ ಸಾಕು.”

“ಅಂತೂ ಕಾಫಿ ಉಳೀತು” ಎಂದರು ಮುನಿಲಕ್ಷ್ಮಮ್ಮ. ಡಾಕ್ಟರ್ ನಕ್ಕರು. ಪ್ರತಿಭಾಳೂ ನಕ್ಕಳು. ನಕ್ಕು ಎಷ್ಟೋ ದಿನವಾಗಿತ್ತು.

ಹೊರಡುವ ಮುಂಚೆ ಡಾಕ್ಟರ್ ಒಂದು ಮಾತು ಸ್ಪಷ್ಟವಾಗಿ ಹೇಳಿದರು. ಇದು ಒಂದೇ ಸಲಕ್ಕೆ ಮಾಯವಾಗುವ ಕಾಯಿಲೆಯಲ್ಲ. ಹತೋಟಿಗೆ ಬರುತ್ತದೆ. ಮತ್ತೆ ತಲೆಯೆತ್ತಿದರೆ ಬೇಗ ಬಂದು ತೋರಿಸಬೇಕು. ಈ ಮಾತ್ರೆ ಸಾಲದಿದ್ದರೆ ಬೇರೆ ಚಿಕಿತ್ಸೆಗಳಿವೆ.

ಮರುದಿನ ಪ್ರತಿಭಾ ಹೆಡ್‌ಮಾಸ್ಟರ್ ಕೋಣೆಗೆ ಹೋದಳು. ಲೆಟರ್ ಬ್ಯಾಗಿನಲ್ಲೇ ಇತ್ತು.

“ಸರ್, ನನಗೆ ಕಂಕುಳಲ್ಲಿ ಒಂದು ಚರ್ಮದ ಕಾಯಿಲೆ ಇದೆ. ಅಂಟೋದಲ್ಲ. ಟ್ರೀಟ್‌ಮೆಂಟ್ ನಡೀತಿದೆ. ಕೈ ಎತ್ತೋಕೆ ಇನ್ನೂ ಕೆಲವು ವಾರ ಬೇಕು.”

“ಇಷ್ಟೇನಾ?” ಎಂದರು ಶ್ರೀನಿವಾಸಯ್ಯನವರು. “ಮೊದಲೇ ಹೇಳೋದಲ್ವೇನಮ್ಮ? ಅಲ್ಲಿವರೆಗೆ ಮಕ್ಕಳನ್ನ ಸರದಿ ಮೇಲೆ ಮುಂದೆ ಕೂರಿಸಿ. ಪೇರೆಂಟ್ಸ್ ಜೊತೆ ನಾನು ಮಾತಾಡ್ತೀನಿ.”

ಮನೆಯಲ್ಲಿ ಸ್ಟೀಲ್ ಲೋಟ ಉಳಿಯಿತು. ಅದರಲ್ಲಿ ಈಗ ನೀರು. ಮುನಿಲಕ್ಷ್ಮಮ್ಮ ಎದುರಿಗೆ ನಿಲ್ಲುವುದು ತಪ್ಪಲಿಲ್ಲ. “ಪೂರ್ತಿ ಕುಡಿ. ಈಗಲೇ ಮಲಗ್ಬೇಡ” ಎನ್ನುತ್ತಿದ್ದರು. ಈ ಮಾತ್ರೆ ತೆಗೆದುಕೊಳ್ಳುವಾಗ ಬಿಸಿಲು ಬೇಗ ಸುಡುತ್ತದೆ ಎಂದು ಹಾಳೆಯಲ್ಲಿತ್ತು. ಅದಕ್ಕೆ ಮಗಳ ಕೈಗೆ ಕೊಡೆಯನ್ನೂ ಕೊಟ್ಟು ಕಳಿಸುತ್ತಿದ್ದರು. ಹಾಳೆ ಈಗ ಅಡುಗೆಮನೆ ಗೋಡೆಯ ಮೇಲಿತ್ತು, ಕ್ಯಾಲೆಂಡರಿನ ಪಕ್ಕ. ಚಿತ್ರ ಎಲ್ಲರಿಗೂ ಕಾಣುತ್ತಿತ್ತು.

ನಾಲ್ಕನೇ ವಾರ ನೋವು ಇಳಿಯಿತು. ಏಳನೇ ವಾರದ ಹೊತ್ತಿಗೆ ಹೊಸದು ಏಳುವುದು ನಿಂತಿತು. ಗೌರೀಶ್ ಮೆಡಿಕಲ್ ಶಾಪಿನ ಮುಂದೆ ಗಾಡಿ ನಿಲ್ಲಿಸುವುದನ್ನು ಬಿಟ್ಟ. ಒಂದು ಭಾನುವಾರ ಸ್ಟೂಲು ಹತ್ತಿ ಬಟ್ಟೆಯ ತಂತಿಯನ್ನು ಮೇಲಕ್ಕೆ ಕಟ್ಟಿದ. ಗೋಡೆಯಾಚೆಯಿಂದ ಚೂಡಾಮಣಿ, “ಇನ್ನೊಂದು ಗೇಣು ಮೇಲೆ ಕಟ್ಟೋ, ಸೀರೆ ನಿನ್ನದಲ್ಲ ಅಂತ ಸಸಾರನಾ?” ಎಂದು ಕೂಗಿದರು.

ಹತ್ತನೇ ವಾರದ ಒಂದು ಗುರುವಾರ. ಮೊದಲ ಪೀರಿಯಡ್. ಪ್ರತಿಭಾ ಹಾಜರಿ ತೆಗೆದುಕೊಂಡಳು. ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದಳು. ಬಲಗೈ ನಿಧಾನವಾಗಿ ಎತ್ತಿದಳು. ಭುಜದವರೆಗೆ. ತಲೆಯವರೆಗೆ. ಅದಕ್ಕೂ ಮೇಲೆ. ಹಳೆ ಕಲೆ ಸ್ವಲ್ಪ ಬಿಗಿಯಿತು. ನೋಯಲಿಲ್ಲ.

ಬೋರ್ಡಿನ ತುದಿಯಲ್ಲಿ ದಿನಾಂಕ ಬರೆದಳು.

ಹಿಂದೆ ಬೆಂಚುಗಳ ಸದ್ದಾಯಿತು. ತಿರುಗಿ ನೋಡಿದಳು. ಹಿಂದಿನ ಸಾಲಿನ ಮಕ್ಕಳೆಲ್ಲ ಕೂತಿದ್ದರು. ಕೂತೇ ಬರೆದುಕೊಳ್ಳುತ್ತಿದ್ದರು.

ಬ್ಯಾಗಿನಲ್ಲಿದ್ದ ಪತ್ರಕ್ಕೆ ದಿನಾಂಕ ಬೀಳಲೇ ಇಲ್ಲ.

ಇದನ್ನು ಓದುತ್ತಿರುವ ನಿಮಗೆ, ಕೇಳುತ್ತಿರುವ ನಿಮಗೆ ಒಂದು ಮಾತು. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಎದೆಯ ಕೆಳಗೆ ಕುರು ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಬಚ್ಚಿಡಬೇಡಿ. ಪ್ರತಿಭಾಳಿಗಿದ್ದ ಈ ಕಾಯಿಲೆ ಕೊಳಕಲ್ಲ, ಪಾಪವಲ್ಲ, ಅಂಟುವುದೂ ಇಲ್ಲ. ಹಿಂಡಬೇಡಿ, ಉಜ್ಜಬೇಡಿ. ಅಂಗಡಿಯಲ್ಲಿ ಕೇಳಿ ಮಾತ್ರೆ ತರಬೇಡಿ; ಹತ್ತಿರದ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ನೀವು ಬಸುರಿಯಾಗಿದ್ದರೆ, ಬೇರೆ ಯಾವುದೇ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಆಂಟಿಬಯಾಟಿಕ್ ಕೊಟ್ಟರೆ ಅದನ್ನು ಯಾವುದರ ಜೊತೆ ನುಂಗಬೇಕು, ಯಾವುದರ ಜೊತೆ ನುಂಗಬಾರದು ಎಂದು ಕೇಳಿ. ಎಲ್ಲ ಮಾತ್ರೆಗೂ ಒಂದೇ ನಿಯಮವಿಲ್ಲ. ಗುಣ ಕಂಡಿತೆಂದು ನೀವಾಗಿಯೇ ನಿಲ್ಲಿಸಬೇಡಿ. ತೊಂದರೆ ಕಂಡರೂ ನೀವಾಗಿಯೇ ನಿರ್ಧರಿಸದೆ ಡಾಕ್ಟರಿಗೆ ಹೋಗಿ ಹೇಳಿ. ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ.

ಆಸ್ಪತ್ರೆಯಲ್ಲಿ ಕೊಟ್ಟ ಹಾಳೆ ನಿಮ್ಮ ಮನೆಯಲ್ಲೂ ಯಾವುದೋ ಪುಸ್ತಕದೊಳಗೆ ಮಡಿಸಿಕೊಂಡು ಕೂತಿರಬಹುದು. ಇವತ್ತೇ ತೆಗೆಯಿರಿ. ಮನೆಯವರ ಮುಂದೆ ಗಟ್ಟಿಯಾಗಿ ಓದಿ.